ರಿಜಿಸ್ಟರಿನ ಮೊದಲನೆಯ ಹೆಸರು

ಸೀತಾಂಗೋಳಿಯಲ್ಲಿ ನನ್ನದೊಂದು ಶೆಡ್ಡಿದೆ. ಅಲ್ಲಿ ಒಣಸಿಗಡಿಯ ಚಟ್ನಿಪುಡಿ ತಯಾರಾಗುತ್ತದೆ ಎಂದು ಹೊರಗಿನ ಬೋರ್ಡು ಹೇಳುತ್ತದೆ. ಒಳಗೆ ಬಂದು ನೋಡಿದವರಿಗೆ, ಇಲ್ಲಿ ತಯಾರಾಗುವುದು ಫೈಲುಗಳೇ ಇರಬೇಕು, ಚಟ್ನಿಪುಡಿ ಬಿಡುವಿನ ವೇಳೆಯ ಕೆಲಸವಿರಬೇಕು ಅನ್ನಿಸಿದರೆ ತಪ್ಪಲ್ಲ. ಪಂಚಾಯತಿನ ಪರವಾನಗಿ ಒಂದು ಚೌಕಟ್ಟಿನಲ್ಲಿ, ಆಹಾರದ್ದು ಇನ್ನೊಂದರಲ್ಲಿ, ಬಾವಿಯ ನೀರು ಕುಡಿಯಲು ಯೋಗ್ಯವೆಂಬ ವರದಿ ಮತ್ತೊಂದರಲ್ಲಿ, ತಕ್ಕಡಿ ಸುಳ್ಳು ಹೇಳುವುದಿಲ್ಲವೆಂಬ ಚೀಟಿ ತಕ್ಕಡಿಯ ನೆತ್ತಿಯ ಮೇಲೆ. ನಮ್ಮ ಮನೆಯ ದೇವರ ಪೀಠದ ಸುತ್ತ ಇಷ್ಟು ಪಟಗಳಿಲ್ಲ. ಒಮ್ಮೆ ಶೆಡ್ಡಿಗೆ ಬಂದ ಹೆಂಡತಿ ಆ ಗೋಡೆಯ ಎದುರು ನಿಂತು ಶಿಲುಬೆಯ ಗುರುತು ಮಾಡಿಕೊಂಡಳು. "ಎಂತ ನೋಡ್ತೀರಿ? ಇಷ್ಟು ಸಂತರು ಒಟ್ಟಿಗೆ ಇಗರ್ಜಿಯಲ್ಲೂ ಸಿಗುವುದಿಲ್ಲ" ಎಂದಳು.

ಇವೆಲ್ಲ ಬೇಡವೆಂದು ನಾನು ಹೇಳುವುದಿಲ್ಲ. ತಿನ್ನುವ ವಸ್ತು ಮಾಡುವವನ ಕೈಯನ್ನು, ನೀರನ್ನು, ತಕ್ಕಡಿಯನ್ನು ಯಾರಾದರೂ ನೋಡಲೇಬೇಕು. ತೊಂದರೆ ಇರುವುದು ನನ್ನಂಥವನಲ್ಲಿ. ನಾನು ಹುಟ್ಟಿನಿಂದಲೇ ಪುಕ್ಕಲ. ಮನೆಗೆ ಹೊರಟು ಬಂದ್ಯೋಡಿನಲ್ಲಿ ಬಸ್ಸಿಳಿದ ಮೇಲೆ, ಶೆಡ್ಡಿನ ಗ್ಯಾಸು ಆರಿಸಿದ್ದೇನೋ ಇಲ್ಲವೋ ಎಂದು ಇನ್ನೊಂದು ಬಸ್ಸು ಹಿಡಿದು ಹಿಂದೆ ಹೋಗಿ ನೋಡಿದವನು. ಆರಿಸಿಯೇ ಇತ್ತು. ನೋಡಿ ಹೊರಟ ಮೇಲೆ, ನೋಡುವ ಗಡಿಬಿಡಿಯಲ್ಲಿ ಕೈತಾಗಿ ತಿರುಗಿತೋ ಎಂದು ಅರ್ಧ ದಾರಿಯಿಂದ ಮತ್ತೆ ಮರಳಿದವನು. ಇಂಥವನ ಕೈಗೆ ಸರಕಾರ ಒಂದು ನಿಯಮ ಕೊಟ್ಟರೆ ಅವನು ಅದರ ಸುತ್ತ ಇನ್ನೂ ನಾಲ್ಕನ್ನು ತಾನೇ ಹೆಣೆದುಕೊಳ್ಳುತ್ತಾನೆ. ಸಾಲದ್ದಕ್ಕೆ ನಮ್ಮದು ಗಡಿಯ ಊರು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಕಚೇರಿಯ ಕಾಗದಗಳು ಬರುವುದು ಮಲಯಾಳದಲ್ಲಿ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಹೆದರಿಕೆ ತುಂಬಿಸುತ್ತದೆ.

ಕಸುಬು ಶುರುವಾದದ್ದು ನಮ್ಮ ಅಡುಗೆಮನೆಯಲ್ಲಿ. ಗಲ್ಫಿಗೆ ಹೊರಟವರು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಲು ನನ್ನ ಹೆಂಡತಿಯಿಂದ ಚಟ್ನಿಪುಡಿ ಮಾಡಿಸಿಕೊಳ್ಳುತ್ತಿದ್ದರು. ಕೇಳುವವರು ಹೆಚ್ಚಾದಾಗ ಸಹಾಯಕ್ಕೆ ಬಂದವರು ಬಂದ್ಯೋಡಿನ ಒಬ್ಬ ಬ್ಯಾರಿ ಹೆಂಗಸು. ನನಗಿಂತ ಹನ್ನೆರಡು ವರ್ಷವಾದರೂ ಹಿರಿಯರು. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿ ಮಕ್ಕಳನ್ನು ದೊಡ್ಡ ಮಾಡಿದವರು. ಬೀಡಿಯ ಕೆಲಸ ಕಮ್ಮಿಯಾಗಿ, ಮಗನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣಲು ಮನಸ್ಸಿಲ್ಲದೆ ಬೇರೆ ಕೆಲಸ ಹುಡುಕುತ್ತಿದ್ದರು. ನಾವೆಲ್ಲ ಅವರನ್ನು, ಅವರ ಮಕ್ಕಳ ಹಾಗೆ, ಉಮ್ಮ ಎನ್ನುತ್ತಿದ್ದೆವು. ಅವರು ನನ್ನನ್ನು, ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಗೌರವದಿಂದ ಕರೆಯುವ ಹಾಗೆ, ಪೊರ್ಬುಗಳೇ ಎನ್ನುತ್ತಿದ್ದರು.

ಚಟ್ನಿಪುಡಿಯ ಪ್ರಾಣ ತೆಂಗಿನಕಾಯಿ ಹುರಿಯುವುದರಲ್ಲಿದೆ. ಒಂದು ನಿಮಿಷ ಮೊದಲು ಇಳಿಸಿದರೆ ವಾರದಲ್ಲಿ ಕಮಟು, ಒಂದು ನಿಮಿಷ ತಡವಾದರೆ ಕಹಿ. ಉಮ್ಮ ಬಾಣಲೆಯಿಂದ ಒಂದು ಚಿಟಿಕೆ ತೆಗೆದು ಎರಡು ಅಂಗೈಗಳ ನಡುವೆ ತಿಕ್ಕುತ್ತಿದ್ದರು. ಅಂಗೈಯಲ್ಲಿ ಎಣ್ಣೆಯ ಹೊಳಪು ಮಾತ್ರ ಉಳಿದು, ಪುಡಿ ಅಂಟದೆ ಉದುರಬೇಕು. "ಆಯ್ತು" ಎಂದರೆ ಆಯಿತು. ನಾನು ಉಷ್ಣಮಾಪಕ ತಂದು ಬಾಣಲೆಗೆ ಹಿಡಿದಿದ್ದೆ. ಅದು ದಿನಕ್ಕೊಂದು ಸಂಖ್ಯೆ ಹೇಳಿತು, ಉಮ್ಮನ ಅಂಗೈ ದಿನವೂ ಒಂದನ್ನೇ ಹೇಳಿತು. ಶೆಡ್ಡು ಕಟ್ಟಿ, ನೌಕರರ ರಿಜಿಸ್ಟರು ಕೊಂಡು ತಂದಾಗ ಅದರಲ್ಲಿ ಮೊದಲನೆಯದಾಗಿ ಬರೆದದ್ದು ಅವರ ಹೆಸರನ್ನೇ. ಆಮೇಲೆ ಐದು ಮಂದಿ ಸೇರಿದರು. ಎಲ್ಲರೂ ಹೆಂಗಸರು, ಎಲ್ಲರೂ ಉಮ್ಮನ ಕೈಯಲ್ಲಿ ಕಲಿತವರು. ಹೊಳಪು ಯಾವುದು, ಜಿಡ್ಡು ಯಾವುದು ಎಂಬುದು ಮಾತ್ರ ಅವರಿಗೆ ಕೊನೆಗೂ ಹತ್ತಲಿಲ್ಲ.

ಉಮ್ಮನ ಆ ಕೈಗಳಲ್ಲಿ ಬಿಳಿ ಕಲೆ ಕಾಣಿಸಿಕೊಂಡು ಮೂರು ನಾಲ್ಕು ವರ್ಷವಾಗಿತ್ತು. ಬೆರಳ ತುದಿಯಲ್ಲಿ ಶುರುವಾದದ್ದು ಮುಂಗೈವರೆಗೆ ಏರಿತ್ತು. ತೊನ್ನು. ಶೆಡ್ಡಿನಲ್ಲಿ ಯಾರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ, ಮಾತಾಡುವಂಥದ್ದು ಅನ್ನಿಸಿಯೂ ಇರಲಿಲ್ಲ. ಅವರ ಕೈಯಿಂದಲೇ ನಾನು ದಿನವೂ ಚಹಾ ಕುಡಿಯುತ್ತಿದ್ದೆ.

ಹೋದ ವರ್ಷ ಪರವಾನಗಿ ನವೀಕರಿಸುವ ಹೊತ್ತಿಗೆ, ಕೆಲಸದವರೆಲ್ಲರ ಹೆಲ್ತ್ ಕಾರ್ಡು ಸರಿಯಾಗಿರಬೇಕು, ತಪಾಸಣೆಗೆ ಯಾವಾಗ ಬೇಕಾದರೂ ಬರುತ್ತೇವೆ ಎಂದು ಕಾಗದ ಬಂತು. ಆರೂ ಮಂದಿಯನ್ನು ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಉಗುರು, ಕಣ್ಣು, ಚರ್ಮ, ರಕ್ತ, ಮೇಲಿಂದೊಂದು ಇಂಜೆಕ್ಷನ್. ಉಮ್ಮನ ಸರದಿ ಬಂದಾಗ ನಾನೂ ಒಳಗೆ ಹೋದೆ. ಕರೆದಿರಲಿಲ್ಲ.

ಡಾಕ್ಟರು ಕೈಗಳನ್ನು ತಿರುಗಿಸಿ ನೋಡಿ, "ಇದು ಅಂಟುವಂಥದ್ದಲ್ಲ. ಬಣ್ಣ ಹೋಗಿದೆ, ಅಷ್ಟೆ. ಧಾರಾಳವಾಗಿ ಕೆಲಸ ಮಾಡಬಹುದು" ಎಂದರು. ಅದನ್ನೇ ಕಾರ್ಡಿನಲ್ಲಿ ಬರೆದು, ಫೋಟೋದ ಮೇಲೆ ಅರ್ಧ ಬರುವ ಹಾಗೆ ಮುದ್ರೆ ಒತ್ತಿದರು.

"ಕೇಳಿದ್ರಾ ಪೊರ್ಬುಗಳೇ? ಧಾರಾಳ ಅಂತೆ!" ಎಂದರು ಉಮ್ಮ, ಹೊರಗೆ ಬರುವಾಗ.

ಇಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿಯುತ್ತಿತ್ತು.

ಪಕ್ಕದ ಹಿಟ್ಟಿನ ಗಿರಣಿಯವನು ನನ್ನ ಗೆಳೆಯ. ಮರುದಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಅವನಿಗೆ ಕಾರ್ಡಿನ ವಿಷಯ ಹೇಳಿದೆ. ಅವನಿಗೆ ಹೇಳದಿದ್ದರೂ ನಡೆಯುತ್ತಿತ್ತು.

"ಕಾರ್ಡು ಉಂಟು, ಸರಿ. ಬರುವವರು ಮೊದಲು ಕಾರ್ಡು ನೋಡ್ತಾರಾ, ಕೈ ನೋಡ್ತಾರಾ?" ಎಂದ.

"ಕಾರ್ಡಿನಲ್ಲಿ ಡಾಕ್ಟ್ರೇ ಬರ್ದಿದ್ದಾರಲ್ಲ ಮಾರಾಯ."

"ಬರೀಲಿ. ತಿನ್ನುವ ಸಾಮಾನಿನಲ್ಲಿ ಅಂಥ ಕೈ ಕಂಡ್ರೆ ಮನಸ್ಸಿಗೆ ಎಂತದೋ ಆಗ್ತದೆ. ಒಂದು ಫೋಟೋ ತೆಗ್ದು ಯಾರಾದ್ರೂ ಫೋನಿನಲ್ಲಿ ಹಾಕಿದ್ರೆ ಮುಗೀತು, ನಿನ್ನ ಚಟ್ನಿ ನೀನೇ ತಿನ್ಬೇಕು. ನಾನು ಸುಮ್ನೆ ಹೇಳಿದ್ದು. ನೀನು ತಲೆಗೆ ಹಚ್ಚಿಕೊಳ್ಬೇಡ."

ನನಗೆ ತಲೆಗೆ ಹಚ್ಚಿಕೊಳ್ಳಬೇಡ ಎನ್ನುವುದು, ಬಾಯಾರಿದವನಿಗೆ ನೀರು ತೋರಿಸಿ ಕುಡಿಯಬೇಡ ಎಂದ ಹಾಗೆ. ಎರಡು ದಿನ ಬೇರೇನೂ ಯೋಚಿಸಲಿಲ್ಲ. ಮೂರನೆಯ ದಿನ ಉಮ್ಮನನ್ನು ಬದಿಗೆ ಕರೆದು, ತಪಾಸಣೆಯವರು ಬಂದು ಹೋಗುವವರೆಗೆ ಮಾತ್ರ, ಅವರು ಬರುವ ಸೂಚನೆ ಸಿಕ್ಕಿದರೆ ಹಿಂದಿನ ಚಾವಡಿಯಲ್ಲಿ ಸ್ವಲ್ಪ ಹೊತ್ತು ಕೂತಿರಬಹುದೇ ಎಂದು ಕೇಳಿದೆ. ಚಾವಡಿ ಎಂದದ್ದು ನನ್ನ ಮರ್ಯಾದೆಗೆ. ಅದು ಶೆಡ್ಡಿನ ಹಿಂಗೋಡೆಗೆ ತಾಗಿಸಿ ತಗಡು ಹೊದೆಸಿದ, ಖಾಲಿ ಡಬ್ಬ ಗೋಣಿಗಳನ್ನು ಒಟ್ಟುವ ಜಾಗ.

ಅವರು ತಮ್ಮ ಕೈಗಳನ್ನೊಮ್ಮೆ ನೋಡಿಕೊಂಡರು. "ಡಾಕ್ಟ್ರು ಧಾರಾಳ ಅಂದ್ರಲ್ಲ?"

"ಅಂದ್ರು. ಆದ್ರೂ ಒಂದು ಜಾಗ್ರತೆ."

"ಆಯ್ತು. ನಿಮ್ಗೆ ನಿದ್ರೆ ಬರುವುದು ಮುಖ್ಯ."

ಸೂಚನೆ ಸಿಗುವ ದಾರಿಯೊಂದು ಸೀತಾಂಗೋಳಿಯ ನಮ್ಮಂಥ ಸಣ್ಣ ಕಸುಬಿನವರಲ್ಲಿ ಮೊದಲಿನಿಂದ ಇತ್ತು. ವಾಟ್ಸಾಪಿನಲ್ಲಿ ನಮ್ಮದೊಂದು ಗುಂಪು. ಸರಕಾರಿ ಜೀಪು ಕಂಡವನು ಅದರಲ್ಲಿ "ದಿಬ್ಬಣ ಹೊರಟಿತು" ಎಂದು ಹಾಕಬೇಕು. "ದಿಬ್ಬಣ ಕುಂಬಳೆ ದಾಟಿತು" ಎಂದರೆ ಇನ್ನು ಸ್ವಲ್ಪವೇ ಹೊತ್ತು. ಬೇಕರಿಯವನು ಟೋಪಿ ಹುಡುಕುತ್ತಾನೆ, ಐಸ್ ಕ್ಯಾಂಡಿಯವನು ನೆಲ ಒರೆಸುತ್ತಾನೆ, ನಾನು ಬೆವರುತ್ತೇನೆ. ಇದರಲ್ಲಿ ಒಂದೇ ದೋಷ. ಹಾಕುವವರೆಲ್ಲರೂ ನನ್ನಷ್ಟೇ ಪುಕ್ಕಲರು. ಕರೆಂಟಿನವರ ಜೀಪಿಗೂ ದಿಬ್ಬಣ, ನೀರಿನವರ ಜೀಪಿಗೂ ದಿಬ್ಬಣ. ಒಮ್ಮೆ ಕೋಳಿಯ ಲಸಿಕೆಯವರಿಗೂ ದಿಬ್ಬಣವಾಯಿತು.

ಮೊದಲ ಸಲ ಸಂದೇಶ ಬಂದಾಗ ಉಮ್ಮ ನಗುತ್ತಲೇ ಎದ್ದರು. "ದಿಬ್ಬಣ ಬಂತಾ? ಹಾಗಾದ್ರೆ ಮದುಮಗಳು ಒಳಗೆ ಹೋಗ್ತಾಳೆ" ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಹಿಂದೆ ಹೋದರು. ಉಳಿದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವರು ನಗಿಸಿದ್ದರಿಂದ ನನ್ನ ಕೆಲಸ ಹಗುರವಾಯಿತು.

ನಾಲ್ಕನೆಯ ಸಲಕ್ಕೆ ತಮಾಷೆ ನಿಂತಿತು. ಮಾರ್ಚು ತಿಂಗಳು, ತಗಡಿನ ಕೆಳಗೆ ಕೂತರೆ ಬಾಣಲೆಯೊಳಗೆ ಕೂತ ಹಾಗೆ. ಜೀಪು ಯಾರದ್ದೆಂದು ಖಾತ್ರಿಯಾಗುವವರೆಗೆ ಒಂದು ತಾಸು, ಕೆಲವೊಮ್ಮೆ ಎರಡು. ಅಷ್ಟು ಹೊತ್ತು ಹುರಿಯುವ ಕೆಲಸವೂ ನಿಲ್ಲುತ್ತಿತ್ತು. ಒಂದು ದಿನ ಅವರು ಹೊರಗೆ ಬಂದಾಗ ಮುಖ ಕೆಂಪೇರಿ, ರವಿಕೆ ಬೆನ್ನಿಗೆ ಅಂಟಿತ್ತು. ಕೆಲಸದವರಲ್ಲಿ ಒಬ್ಬಳು ನೀರು ಕೊಟ್ಟು ನನ್ನ ಕಡೆ ನೋಡದೆಯೇ, "ಒಂದು ಫ್ಯಾನಾದ್ರೂ ಹಾಕಿಸ್ಲಿಕ್ಕೆ ಆಗುವುದಿಲ್ವಾ ಅಲ್ಲಿ?" ಎಂದಳು.

ಹಾಕಿಸಬಹುದಿತ್ತು. ಆದರೆ ಫ್ಯಾನು ಹಾಕಿಸಿದರೆ ಅದು ಕೆಲಸದ ಜಾಗವಾಗುತ್ತದೆ, ಕೆಲಸದ ಜಾಗವಾದರೆ ನಕ್ಷೆಯಲ್ಲಿ ತೋರಿಸಬೇಕಾಗುತ್ತದೆ ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಗಟ್ಟಿಯಾಗಿ ಹೇಳಿದೆನೆಂದು ನೆನಪು.

ಕೊನೆಗೊಂದು ದಿನ, ಮಧ್ಯಾಹ್ನದ ಊಟ ಮುಗಿದಿತ್ತು, ನಿಜವಾದ ದಿಬ್ಬಣ ಬಂತು. ಸಂದೇಶ ಕಂಡು ಉಮ್ಮ ಕಾಯಿಯನ್ನು ಬಾಣಲೆಯಲ್ಲೇ ಬಿಟ್ಟು ಹಿಂದೆ ಹೋಗಿ ಕೂತಿದ್ದರು. ಅಧಿಕಾರಿ ಎಂದರೆ ನನ್ನ ಕಲ್ಪನೆಯಲ್ಲಿ ಮೀಸೆಯಿದ್ದವನು. ಬಂದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹೆಗಲಿಗೊಂದು ಚೀಲ. ಮಲಯಾಳದಲ್ಲಿ ಮೆಲುದನಿಯಲ್ಲಿ ಮಾತಾಡಿದರು. ಒಳಗೆ ಕಾಲಿಡುವ ಮೊದಲು ತಾವೇ ಕೇಳಿ ಟೋಪಿ ಹಾಕಿಕೊಂಡರು. ನೆಲ ನೋಡಿದರು, ನೀರು ನೋಡಿದರು, ಪಾತ್ರೆಗಳನ್ನು ಚೆನ್ನಾಗಿ ತೊಳೆದಿದ್ದೀರಿ ಎಂದರು. ಮಾತು ಕೇಳಿಸುವುದಿಲ್ಲವೆಂದು ಗ್ರೈಂಡರ್ ಆರಿಸಲು ಹೇಳಿದರು. ಶೆಡ್ಡು ನಿಶ್ಶಬ್ದವಾಯಿತು. ಹಿಂಗೋಡೆಯೂ ತಗಡಿನದ್ದೇ, ಇಲ್ಲಿ ಆಡಿದ್ದೆಲ್ಲ ಆಚೆಗೆ ಕೇಳಿಸುತ್ತದೆ.

ಆಮೇಲೆ ರಿಜಿಸ್ಟರು ತೆರೆದು ಕಾರ್ಡುಗಳನ್ನು ಹೆಸರಿಗೆ ಹೆಸರು ಹೊಂದಿಸಿ ನೋಡಿದರು. ಆರು ಹೆಸರು, ಆರು ಕಾರ್ಡು. ತಲೆಯೆತ್ತಿ ಎಣಿಸಿದಾಗ ಐದು ಮಂದಿ.

"ಮೊದಲನೆಯ ಹೆಸರಿನವರು ಎಲ್ಲಿ?"

ಇಷ್ಟು ಸಲ ಬಚ್ಚಿಡುವ ಅಭ್ಯಾಸ ಮಾಡಿದ್ದೆವಲ್ಲ, ಒಮ್ಮೆಯಾದರೂ ನಾನು ಈ ಪ್ರಶ್ನೆಯನ್ನು ಯೋಚಿಸಿರಲಿಲ್ಲ. ಎಲ್ಲವನ್ನೂ ಯೋಚಿಸುವವನು ಇದನ್ನು ಬಿಟ್ಟಿದ್ದೆ. ರಜೆಯಲ್ಲಿದ್ದಾರೆ ಎನ್ನಬಹುದಿತ್ತು. ಆದರೆ ರಜೆಗೂ ಒಂದು ಪುಸ್ತಕವಿದೆ, ಅದರಲ್ಲಿ ಬರೆದಿರಲಿಲ್ಲ.

"ಅವರು ಬಿಟ್ಟು ಹೋದರು" ಎಂದೆ.

"ಯಾವಾಗ?"

"ಹೋದ ವಾರ."

ಐದು ಮಂದಿ ಹೆಂಗಸರೂ ನೆಲ ನೋಡುತ್ತ ನಿಂತರು. ಅಧಿಕಾರಿ ಉಮ್ಮನ ಕಾರ್ಡನ್ನು ಓದಿದರು, ಡಾಕ್ಟರ ಟಿಪ್ಪಣಿಯನ್ನು ಮತ್ತೊಮ್ಮೆ ಓದಿದರು. ಕಾರ್ಡಿನಿಂದ ಕಣ್ಣೆತ್ತಿ ನನ್ನನ್ನು ನೋಡಿದರು.

"ಅಂಟುವುದಲ್ಲ, ಕೆಲಸ ಮಾಡಬಹುದು ಎಂದು ಸ್ಪಷ್ಟವಾಗಿ ಬರೆದಿದ್ದಾರಲ್ಲ. ಈ ಕಲೆಯ ಕಾರಣಕ್ಕೆ ನೀವು ತೆಗೆದದ್ದಲ್ಲವಷ್ಟೆ?"

ಈಗಲೂ ಆ ಪ್ರಶ್ನೆಯಲ್ಲಿ ಬೈಗುಳ ಹುಡುಕುತ್ತೇನೆ, ಸಿಗುವುದಿಲ್ಲ. ಅವರು ನನಗೆ ಬಾಗಿಲು ತೆರೆದಿಟ್ಟಿದ್ದರು. ಹಿಂದೆ ಇದ್ದಾರೆ, ಕರೆಯುತ್ತೇನೆ, ಹೆದರಿ ಹಾಗೆ ಹೇಳಿಬಿಟ್ಟೆ ಎಂದಿದ್ದರೆ ಬಹುಶಃ ನಕ್ಕುಬಿಡುತ್ತಿದ್ದರು. ಆದರೆ ಆಗ ನಾನು ಅಧಿಕಾರಿಯ ಎದುರು ಸುಳ್ಳು ಹೇಳಿದವನಾಗುತ್ತೇನೆ. ಸುಳ್ಳು ಹೇಳಿದವನ ಉಳಿದ ಕಾಗದಗಳನ್ನು ಯಾರು ನಂಬುತ್ತಾರೆ? ಬಾವಿಯ ನೀರನ್ನು ಮತ್ತೆ ಪರೀಕ್ಷೆಗೆ ಕಳಿಸಿದರೆ? ಅರ್ಧ ಉಸಿರಿನ ಹೊತ್ತಿನಲ್ಲಿ ಇಷ್ಟೆಲ್ಲ ಯೋಚಿಸಿದೆ.

"ಅಲ್ಲ, ಅಲ್ಲ. ಅವರೇ ಹೋದದ್ದು. ವಯಸ್ಸಾಯಿತಲ್ಲ" ಎಂದೆ.

"ಹಾಗಾದರೆ ಹೆಸರಿಗೆ ಗೆರೆ ಎಳೆದು, ಬಿಟ್ಟ ತಾರೀಕು ಹಾಕಿ ಸಹಿ ಮಾಡಿ. ಇಲ್ಲದವರ ಹೆಸರು ಇಟ್ಟುಕೊಳ್ಳಬಾರದು."

ಸ್ಕೇಲು ತಂದು ನೇರವಾಗಿ ಗೆರೆ ಎಳೆದೆ. ಸ್ಕೇಲು ತರಲು ಯಾರೂ ಹೇಳಿರಲಿಲ್ಲ.

ಅಧಿಕಾರಿ ಹೋದ ಮೇಲೂ ಯಾರೂ ಗ್ರೈಂಡರ್ ಹಾಕಲಿಲ್ಲ. ಉಮ್ಮ ಹಿಂದಿನಿಂದ ಬಂದರು. ಬ್ಯಾರಿ ಭಾಷೆ ಮಾತಾಡುವವರಿಗೆ ಮಲಯಾಳ ನನಗಿಂತ ಎಷ್ಟೋ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಶಬ್ದವೂ ತಪ್ಪಿರಲಾರದು.

"ಪೊರ್ಬುಗಳೇ, ನಾನು ಬಿಟ್ಟು ಹೋದದ್ದು ನನಗೇ ಗೊತ್ತಾಗ್ಲಿಲ್ಲ ನೋಡಿ" ಎಂದರು.

"ಉಮ್ಮ, ಅದು ಕಾಗದಕ್ಕೆ ಮಾತ್ರ. ಬರುವ ತಿಂಗಳು ಹೊಸತಾಗಿ ಹೆಸರು ಸೇರಿಸ್ತೇನೆ."

"ಎಷ್ಟನೇ ಹೆಸರು?"

ನಾನು ರಿಜಿಸ್ಟರು ಮುಚ್ಚಿದೆ.

"ತಾರೀಕು ಯಾವ್ದು ಹಾಕಿದ್ರಿ?"

"ಹೋದ ವಾರದ್ದು."

"ಹಾಗಾದ್ರೆ ಈ ಒಂದು ವಾರ ನಾನು ಇಲ್ಲಿ ಎಂತ ಮಾಡ್ತಿದ್ದೆ? ಕಳ್ಳಿಯ ಹಾಗೆ ನುಗ್ಗಿದ್ದಾ?" ಏಪ್ರನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟರು. "ಹೋಗ್ತೇನೆ. ಹೋದವಳು ಹೋಗ್ಬೇಕಲ್ಲ. ಬಾಣಲೆಯಲ್ಲಿ ಕಾಯಿ ಉಂಟು, ಕಡಿಮೆ ಬೆಂಕಿಯಲ್ಲಿ ತಿರುಗಿಸ್ಲಿಕ್ಕೆ ಹೇಳಿ."

ಆ ದಿನದ ಕಾಯಿ ಕರಟಿತು. ಎಸೆದೆವು.

ಹತ್ತು ದಿನ ಕಳೆದು ಉಮ್ಮ ಶೆಡ್ಡಿಗೆ ಬಂದರು. ನನಗೆ ಸಂತೋಷವಾಯಿತು, ಕೆಲಸಕ್ಕೆ ಬಂದರು ಎಂದುಕೊಂಡೆ. ಅವರು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, "ಬಂದ್ಯೋಡಿನ ಹೋಟೆಲಿನಲ್ಲಿ ಪತ್ತಿರ್ ರೊಟ್ಟಿ ತಟ್ಟುವ ಕೆಲಸ ಉಂಟಂತೆ. ಹೆಲ್ತ್ ಕಾರ್ಡು ಕೇಳಿದ್ರು. ನನ್ನದು ನಿಮ್ಮ ಹತ್ರ ಉಂಟಲ್ಲ, ಕೊಡ್ತೀರಾ?" ಎಂದರು.

ಕಾರ್ಡು ಫೈಲಿನಲ್ಲಿತ್ತು, ಫೈಲು ಕೈಗೆಟಕುವಲ್ಲಿತ್ತು. ಎದ್ದು ಕೊಡುವುದರ ಬದಲು ನಾನು ಯೋಚಿಸಿದೆ. ಬಿಟ್ಟು ಹೋದವರ ಕಾರ್ಡನ್ನು ಎಷ್ಟು ಕಾಲ ಇಟ್ಟಿರಬೇಕು? ನಾಳೆ ಅಧಿಕಾರಿ ಮತ್ತೆ ಬಂದು, ಆ ಕಾರ್ಡು ಎಲ್ಲಿ ಎಂದರೆ? ಬಿಟ್ಟವರು ಇನ್ನೊಂದು ಕಡೆ ಕೆಲಸಕ್ಕೆ ಸೇರಿದ್ದು ಗೊತ್ತಾಗಿ, ವಯಸ್ಸಾಯಿತು ಎಂದಿರಲ್ಲ ಎಂದು ಕೇಳಿದರೆ?

"ನಾಳೆ ಬನ್ನಿ ಉಮ್ಮ. ಒಂದು ಮಾತು ಕೇಳಿ ಹೇಳ್ತೇನೆ."

"ನನ್ನ ಕಾರ್ಡು ನನಗೆ ಕೊಡ್ಲಿಕ್ಕೆ ಯಾರ ಹತ್ರ ಕೇಳ್ಲಿಕ್ಕುಂಟು?"

"ನಾಳೆ ಬನ್ನಿ."

ಅವರು ಬಸ್ಸಿನಲ್ಲಿ ಹಿಂದೆ ಹೋಗಿ, ಮರುದಿನ ಬಸ್ಸಿನಲ್ಲಿ ಮತ್ತೆ ಬಂದರು. ಅಷ್ಟರಲ್ಲಿ ನಾನು, ನಮ್ಮ ಅರ್ಜಿಗಳನ್ನೆಲ್ಲ ತುಂಬಿಸಿ ಕೊಡುವವನನ್ನು ಕೇಳಿದ್ದೆ. ಅವನಿಗೂ ಗೊತ್ತಿರಲಿಲ್ಲ. "ಸುಮ್ನೆ ಯಾಕೆ ಸಾರ್ ರಿಸ್ಕು?" ಎಂದಿದ್ದ. ಉಮ್ಮನನ್ನು ಇನ್ನೊಂದು ದಿನ ಅಲೆದಾಡಿಸಿದೆ. ಮೂರನೆಯ ದಿನ ಕಾರ್ಡಿನ ಜೆರಾಕ್ಸ್ ಮಾಡಿಸಿ, ನಿಜಪ್ರತಿ ಎಂದು ಬರೆದು, ಸಹಿ ಹಾಕಿ, ಶೆಡ್ಡಿನ ಸೀಲು ಒತ್ತಿ ಕೊಟ್ಟೆ. ಜೆರಾಕ್ಸಿನಲ್ಲಿ ಅವರ ಮುಖ ಬರಿ ಕಪ್ಪು ಮಚ್ಚೆಯಾಗಿತ್ತು. ಅವರು ಅದನ್ನು ನೋಡಿ, ಮಡಚಿ ಪರ್ಸಿನೊಳಗಿಟ್ಟರು.

ಒಂದು ವಾರ ಬಿಟ್ಟು ಹೆಂಡತಿ ಬಂದ್ಯೋಡಿನ ಮೀನು ಮಾರ್ಕೆಟಿನಲ್ಲಿ ಉಮ್ಮನ ಸೊಸೆಯನ್ನು ಕಂಡಳು. ಹೋಟೆಲಿನವರಿಗೆ ಜೆರಾಕ್ಸ್ ಆಗುವುದಿಲ್ಲವಂತೆ, ಅವರಿಗೂ ತಪಾಸಣೆ ಇದೆಯಲ್ಲ. ಹೊಸ ಕಾರ್ಡು ಮಾಡಿಸುವವರೆಗೆ ಕಾಯಲು ಪುರುಸೊತ್ತಿಲ್ಲದೆ ಬೇರೊಬ್ಬಳನ್ನು ಸೇರಿಸಿಕೊಂಡರಂತೆ.

ಮನೆಗೆ ಬಂದ ಹೆಂಡತಿ ಮೀನಿನ ಚೀಲವನ್ನು ಮೇಜಿನ ಮೇಲೇ ಕುಕ್ಕಿದಳು. "ಆ ಕಾರ್ಡಿನಲ್ಲಿ ಇದ್ದದ್ದು ಅವರ ಫೋಟೋ. ನಿಮ್ಮದಲ್ಲ. ಅವರ ರಕ್ತ ತೆಗ್ದದ್ದು, ಅವರಿಗೆ ಇಂಜೆಕ್ಷನ್ ಚುಚ್ಚಿದ್ದು. ನಿಮ್ಗೆ ಎಂತ ಚುಚ್ಚಿದ್ದು?"

ಪರೀಕ್ಷೆಗಳ ಹಣ ಕೊಟ್ಟದ್ದು ನಾನು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ನುಂಗಿದೆ. ಆದರೆ ಅದಕ್ಕಿಂತ ಮೊದಲು, ಹೋಟೆಲಿನ ಸುದ್ದಿ ಕೇಳಿದ ಕ್ಷಣದಲ್ಲಿ, ನನ್ನ ಮನಸ್ಸಿಗೆ ಬಂದದ್ದು ಉಮ್ಮನ ಕೆಲಸ ತಪ್ಪಿತು ಎಂಬುದಲ್ಲ. ಸದ್ಯ, ಮೂಲಪ್ರತಿ ಫೈಲಿನಲ್ಲೇ ಇದೆ ಎಂಬುದು.

ಮರುದಿನ ಕಾರ್ಡು ಹಿಡಿದುಕೊಂಡು ಅವರ ಮನೆಗೆ ಹೋದೆ. ಹೆದ್ದಾರಿಯಿಂದ ಒಳಗೆ, ಕೆಂಪುಕಲ್ಲಿನ ಸಣ್ಣ ಮನೆ. ಉಮ್ಮ ಜಗಲಿಯಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದರು. ನನ್ನನ್ನು ಕಂಡು ಎದ್ದು ಕುರ್ಚಿ ಎಳೆದರು, ಸೊಸೆಗೆ ಚಹಾ ಹೇಳಿದರು. ಕಾರ್ಡನ್ನು ಕೊಟ್ಟಾಗ ತೆಗೆದುಕೊಂಡು ತಮ್ಮ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದರು.

"ಶೆಡ್ಡಿಗೆ ಬನ್ನಿ ಉಮ್ಮ. ನೀವಿಲ್ಲದೆ ಪುಡಿ ಸರಿ ಬರುವುದಿಲ್ಲ. ಅಂಗಡಿಯವರು ಮೂರು ಪೆಟ್ಟಿಗೆ ಹಿಂದೆ ಕಳಿಸಿದ್ದಾರೆ" ಎಂದೆ.

ಅವರು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡರು. ದನಿ ತಗ್ಗಿಸಿ, ಮಗುವಿಗೆ ಸಮಾಧಾನ ಹೇಳುವ ಹಾಗೆ ಹೇಳಿದರು.

"ಪೊರ್ಬುಗಳೇ, ನೀವು ಹೆದರ್ಬೇಡಿ. ದೂರು ಕೊಡು, ಇಷ್ಟು ವರ್ಷ ದುಡಿದದ್ದಕ್ಕೆ ಪರಿಹಾರ ಕೇಳು ಅಂತ ಮಗ ಹೇಳ್ತಾ ಇದ್ದ. ನಾನು ಬೇಡ ಅಂದೆ. ಯಾವ ಆಫೀಸಿಗೂ ಹೋಗುವುದಿಲ್ಲ ನಾನು. ಚಹಾ ಕುಡೀರಿ."

ನಾನು ಅದಕ್ಕಾಗಿ ಬಂದದ್ದಲ್ಲ ಎಂದೆ. ಎರಡು ಸಲ ಎಂದೆ. ಅವರು ತೊಂಡೆಕಾಯಿ ಹೆಚ್ಚುವುದನ್ನು ಮುಂದುವರಿಸಿದರು. ದೂರು ಕೊಟ್ಟರೆ ಗತಿಯೇನು ಎಂಬ ಯೋಚನೆ ಬಸ್ಸು ಹತ್ತುವ ಮೊದಲಿನಿಂದಲೂ ನನ್ನ ಜೊತೆಗಿತ್ತು. ಚಹಾ ಬಂತು, ಕುಡಿದೆ. ಉಮ್ಮ ಕೆಲಸಕ್ಕೆ ಬರುವುದಿಲ್ಲವೆಂದು ಖಚಿತವಾಗಿತ್ತು, ದೂರು ಕೊಡುವುದಿಲ್ಲವೆಂದೂ ಖಚಿತವಾಗಿತ್ತು. ಹೆದ್ದಾರಿಗೆ ನಡೆದು ಬರುವಾಗ ಎಷ್ಟೋ ದಿನಗಳ ಮೇಲೆ ನನಗೆ ಚೆನ್ನಾಗಿ ಹಸಿವಾಯಿತು. ಬಂದ್ಯೋಡಿನ ಆ ಹೋಟೆಲಿಗೇ ಹೋಗಿ ಊಟ ಮಾಡಿದೆ.